ಕಲ್ಲೇಶಪ್ಪನವರ ಸಂತಾನ ದಂಡಯಾತ್ರೆ

ದಾವಣಗೆರೆಯ ಬಟ್ಟೆ ಅಂಗಡಿಯನ್ನು ಮಗ ವೀರೇಶನಿಗೆ ಒಪ್ಪಿಸಿದ ಮೇಲೆ ಕಲ್ಲೇಶಪ್ಪನವರು ಸಮಾಜವನ್ನು ಕೈಗೆತ್ತಿಕೊಂಡರು. ಹರಿಹರದ ಕಲ್ಯಾಣಮಂಟಪದಲ್ಲಿ ಮೈಕು ಹಿಡಿದು, "ನಮ್ಮ ಸಂಖ್ಯೆ ಕರಗುತ್ತಿದೆ! ಮನೆಗೆ ಮೂರು ಮಕ್ಕಳಾಗಲಿ! ಸಾಕಲು ಸಮಾಜವಿದೆ!" ಎಂದು ಗುಡುಗಿದಾಗ ಇನ್ನೂರು ವಿಭೂತಿ ಹಣೆಗಳು ಒಟ್ಟಿಗೇ ತಲೆದೂಗಿದವು. ಚಪ್ಪಾಳೆ ತಟ್ಟಿದವರೆಲ್ಲ ಅರವತ್ತು ದಾಟಿದವರು, ಅಪಾಯದ ವಯಸ್ಸು ಮೀರಿದವರು.

ಸ್ವತಃ ಕಲ್ಲೇಶಪ್ಪನವರ ಕೊಡುಗೆ ಒಬ್ಬನೇ ಮಗ. ಆ ಮಗನ ಕೊಡುಗೆ ಮೂರು ವರ್ಷದ ಬಸವಪ್ರಭು. ಯಾರಾದರೂ ಇದನ್ನು ಎತ್ತಿ ಆಡಿದರೆ ಮಾನ ಉಳಿಯದು. ಊಟದ ಹೊತ್ತಿಗೆ ಸೊಸೆ ಸ್ನೇಹಾಳ ಮುಂದೆ ವಿಷಯ ಇಟ್ಟರು.

ಬ್ಯಾಂಕಿನಲ್ಲಿ ದುಡಿಯುವ ಸ್ನೇಹಾ ರೊಟ್ಟಿ ಬಡಿಸುತ್ತ ಕೇಳಿದಳು, "ನಾನು ಕೆಲಸಕ್ಕೆ ಹೋದ್ರೆ ಯಾರು ನೋಡ್ಕಂತಾರೆ ಮಾವಾರೆ?"

"ಸಮಾಜ ಐತಲ್ಲಮ್ಮ!"

"ಸಮಾಜದ ಮನೆ ಯಾವ ಕ್ರಾಸಿನಾಗೈತ್ರಿ? ವಾರದ ಆರು ದಿನಕ್ಕೆ ಆರು ಹೆಸರು ಬರ್ಸಿಕಂಡ್ ಬರ್ರಿ. ಎರಡನೇದಕ್ಕೆ ನಾನು ರೆಡಿ."

"ನನ್ನ ಹೆಸರು ಬರೀಬ್ಯಾಡ್ರಿ," ಎಂದರು ಹೆಂಡತಿ ಅನ್ನಪೂರ್ಣಮ್ಮ. "ಈ ಒಬ್ಬನ್ನ ಎತ್ತಿ ಎತ್ತೇ ನನ್ನ ಸೊಂಟ ಹೋಗೈತೆ."

ಮರುದಿನ ಕಲ್ಲೇಶಪ್ಪನವರು ಮೊಮ್ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಜೇಬಿನಲ್ಲಿ ಬಿಳಿ ಹಾಳೆ ಇಟ್ಟುಕೊಂಡು ವಿನೋಬನಗರದ ಮೇಲೆ ದಂಡೆತ್ತಿ ಹೋದರು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ಮಹಾರುದ್ರಪ್ಪನವರು ಹುಡುಗನ ಕೆನ್ನೆ ಹಿಂಡಿ, "ಸಾಕ್ಷಾತ್ ದೇವ್ರು! ಆದ್ರೆ ಅಣ್ಣಾರೆ, ನಮ್ಮ ಸೋಫಾ ಹೊಸದು," ಎಂದರು. ಮಹಿಳಾ ಘಟಕದ ಅಧ್ಯಕ್ಷೆ ಪ್ರೇಮಲತಾ ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗುಡಿಗೆ ಹೊರಟಿದ್ದರು.

"ಬಂದ ಮ್ಯಾಲೆ?"

"ಬಂದ ಮ್ಯಾಲೆ ಮೊಣಕಾಲು ನೋಯ್ತಾವ್ರಿ."

ಮೂರನೆಯ ಮನೆಯವರು ಮೂರನೇ ಮಗು ಹುಟ್ಟಿದ ದಿನವೇ ಶಾಲು ಹೊದಿಸಿ ಸನ್ಮಾನ ಮಾಡುವುದಾಗಿ ಮಾತು ಕೊಟ್ಟರು. ಅಷ್ಟರಲ್ಲಿ ಬಸವಪ್ರಭು ಅವರ ಜಮಖಾನವನ್ನು ಒದ್ದೆ ಮಾಡಿ, ಸಂದರ್ಶನವನ್ನು ಮುಗಿಸಿದ.

ಹಾಳೆ ಖಾಲಿ. ಮನೆಯ ಗೇಟಿನ ಬಳಿ ನಿಂತು ನಮ್ಮ ವೀರರು ಆರೂ ಸಾಲಿನಲ್ಲಿ ತಮ್ಮ ಹೆಸರನ್ನೇ ದುಂಡಗೆ ಬರೆದರು.

ಸ್ನೇಹಾ ಓದಿದಳು. "ಆರೂ ದಿನ ನೀವೇನಾ? ಹಂಗಾದ್ರೆ ಸೋಮವಾರದಿಂದ ಇವನ್ನ ನೋಡ್ಕಳ್ರಿ. ಎರಡನೇದ್ರ ಮಾತು ಆಮ್ಯಾಲೆ."

ಎರಡು ವಾರ ಕಳೆದಿತ್ತು. ಹರಿಹರದಿಂದ ಫೋನು ಬಂತು: ಮುಂದಿನ ಸಭೆಯ ಬ್ಯಾನರು ಪ್ರಿಂಟಿಗೆ ಹೊರಟಿದೆ, 'ಮನೆಗೆ ಮೂರು' ಅಂತಲೇ ಹಾಕಿಸಬೇಕೆ?

ಕಲ್ಲೇಶಪ್ಪನವರ ಒಂದು ಕೈಯಲ್ಲಿ ಹುಡುಗನ ಚಡ್ಡಿ. ಒಳಗೆ ಎಣ್ಣೆ ಡಬ್ಬಿ ಉರುಳಿದ ಸದ್ದು.

"ಎರಡು ಅಂತ ಹಾಕ್ಸಪ್ಪ," ಎಂದವರು ಒಳಗೆ ಇಣುಕಿ ನೋಡಿದರು. "ತಡಿ ತಡಿ... ಅಂಕಿ ಬ್ಯಾಡ. ಬರೀ 'ಸ್ವಾಗತ' ಅಂತ ಹಾಕ್ಸು."