ಬ್ರೇಕ್ ಅಕ್ಕನ ತಂಡ ಫೈನಲ್‌ಗೆ ಬಂದದ್ದು

ಕಾರು ಕಲಿಸುವ ಆ ಹೆಂಗಸನ್ನು ಊರಿನ ಅರ್ಧ ಜನ ಬ್ರೇಕ್ ಅಕ್ಕ ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಶಾಲೆಯ ಪುಟ್ಟ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟೂ ಇಡದ ಹಾಗೆ ಇಟ್ಟುಕೊಂಡು, ಆಕೆ ಎಂಥೆಂಥವರನ್ನೋ ದಾರಿಗೆ ತಂದಿದ್ದಳು. ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುವವರು, ಕಾಂಪೌಂಡಿಗೆ ಗುದ್ದಿ ಗೋಡೆಯನ್ನೇ ಬೈಯುವವರು, ಎಲ್ಲರನ್ನೂ ಕಂಡವಳು. ಆದರೆ ಅವಳು ದನಿ ಏರಿಸಿದ್ದನ್ನು ಕೇಳಿದವರಿಲ್ಲ.

ಶನಿವಾರ ಬಂದರೆ ಅವಳದ್ದು ಇನ್ನೊಂದು ಕೆಲಸ. ಕ್ಲಬ್ಬಿನ ಜೂನಿಯರ್ ಕ್ರಿಕೆಟ್ ತಂಡವನ್ನು ವ್ಯಾನಿನಲ್ಲಿ ತುಂಬಿಕೊಂಡು ಮ್ಯಾಚಿಗೆ ಬಿಡುವುದು, ಮುಗಿದ ಮೇಲೆ ವಾಪಸ್ ತರುವುದು. ಆ ವರ್ಷ ಸೀಸನ್ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಕೋಚ್ ತನ್ನ ಮನೆಯ ಮೆಟ್ಟಿಲಲ್ಲೇ ಜಾರಿ ಕಾಲು ಮುರಿದುಕೊಂಡ. ಕ್ಲಬ್ಬಿನ ಕಾರ್ಯದರ್ಶಿ, ಔಷಧಿ ಅಂಗಡಿಯವರು, ಅವಳ ಮನೆ ಬಾಗಿಲಿಗೆ ಬಂದು ನಿಂತರು.

"ಹೇಗೂ ಮಕ್ಕಳನ್ನ ಕರ್ಕೊಂಡು ಹೋಗ್ತೀರಿ. ಹಾಗೇ ಒಂಚೂರು ನೋಡ್ಕೊಂಡುಬಿಡಿ."

"ನನಗೇನ್ರೀ ಗೊತ್ತು? ಚಿಕ್ಕವಳಿದ್ದಾಗ ಅಣ್ಣಂದಿರ ಹಿಂದೆ ನಿಂತು ಕೀಪಿಂಗ್ ಮಾಡಿದ್ದೆ. ಅದೂ ಚೆಂಡು ಚರಂಡಿಗೆ ಬೀಳಬಾರದು ಅಂತ."

"ಅಷ್ಟಾದ್ರೆ ಬೇಕಾದಷ್ಟಾಯ್ತು," ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮೊದಲ ಮ್ಯಾಚಿನಲ್ಲಿ ತಂಡ ಹತ್ತೊಂಬತ್ತಕ್ಕೆ ಆಲೌಟ್. ಸಂಜೆ ಮನೆಗೆ ಬಂದಾಗ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾದಿದ್ದರು. ಜೀವಮಾನವೆಲ್ಲ ರೇಡಿಯೊದಲ್ಲಿ ಕಾಮೆಂಟರಿ ಕೇಳಿ ಕೇಳಿ, ತಾವೇ ಹತ್ತು ದೇಶ ಸುತ್ತಿ ಆಡಿ ಬಂದವರ ಹಾಗೆ ಮಾತಾಡುವ ಮನುಷ್ಯ.

"ಹತ್ತೊಂಬತ್ತು ಅಂದ್ರೆ ಒಬ್ಬರದ್ದಾ, ಎಲ್ಲರದ್ದಾ?"

"ಎಲ್ಲರದ್ದೂ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಕೊನೇವರೆಗೂ ಔಟಾಗದೆ ಉಳಿದವರು ಯಾರು?"

ಉಳಿದವನು ಎಲ್ಲರೂ ಆಮೆ ಎಂದು ಕರೆಯುವ ಹುಡುಗ. ದುಂಡು ಮುಖದ, ಮಾತು ಕಮ್ಮಿಯ ಆರಂಭಿಕ ಆಟಗಾರ. ಉಳಿದವರು ಬಂದ ಹಾಗೇ ಹೋಗುತ್ತಿದ್ದರೆ ಅವನು ಒಂದು ತುದಿ ಹಿಡಿದು ನಿಂತೇ ಇದ್ದ. ರನ್ ಹೊಡೆಯಲಿಲ್ಲ ಎಂದು ಎಲ್ಲರ ಸಿಟ್ಟೂ ಅವನ ಮೇಲೆಯೇ ತಿರುಗಿತ್ತು. ವ್ಯಾನಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ.

"ಹಾಗಾದ್ರೆ ಅವನನ್ನ ಇಟ್ಕೊಂಡು ಕಟ್ಟು," ಎಂದರು ಮಾವ.

ಮುಂದಿನ ಅಭ್ಯಾಸಕ್ಕೆ ಆಕೆ ಆಮೆಗೆ ಏನೂ ಹೇಳಲಿಲ್ಲ. ಉಳಿದವರಿಗೆ ಮಾತ್ರ ಹೇಳಿದಳು: "ಇವನು ಆ ಕಡೆ ಇರ್ತಾನೆ, ಎಲ್ಲೂ ಹೋಗಲ್ಲ. ನೀವು ಮುಟ್ಟಿ ಓಡೋದನ್ನ ಕಲೀರಿ. ಕೂಗದೆ ಓಡಬಾರದು. ಕೂಗಿದ ಮೇಲೆ ನಿಲ್ಲಬಾರದು." ಮುದ್ರಣಾಲಯದ ಹಿಂದಿನ ಮೈದಾನದಲ್ಲಿ ಮಕ್ಕಳು 'ಬಾ', 'ಬೇಡ', 'ನಿಲ್ಲು' ಎಂದು ಅರಚಿಕೊಂಡು ಓಡುವುದನ್ನು ನೋಡಿ, ಒಳಗೆ ಅಚ್ಚು ಹಾಕುವವರು ಕಿಟಕಿಗೆ ಬಂದು ಏನಾಯಿತೆಂದು ಇಣುಕಿದರು.

ತಂಡದಲ್ಲಿದ್ದ ಒಬ್ಬಳೇ ಹುಡುಗಿ ಗುಬ್ಬಿ. ಲೆಗ್ ಸ್ಪಿನ್ ಹಾಕುತ್ತಿದ್ದಳು. ಹೊಡೆಸಿಕೊಳ್ಳುತ್ತಾಳೆಂದು ಅವಳ ಕೈಗೆ ಚೆಂಡೇ ಬರುತ್ತಿರಲಿಲ್ಲ. ಅಕ್ಕ ಅವಳನ್ನು ಪಕ್ಕಕ್ಕೆ ಕರೆದಳು.

"ಒಂದು ಓವರ್ ಪೂರ್ತಿ ಹೊಡೆಸಿಕೊಂಡ್ರೆ ಅಳ್ತೀಯಾ?"

ಗುಬ್ಬಿ ಯೋಚಿಸಿದಳು. "ಮನೆಗೆ ಹೋಗಿ ಅಳ್ತೀನಿ. ಇಲ್ಲಿ ಇನ್ನೊಂದು ಓವರ್ ಕೇಳ್ತೀನಿ."

"ಹಾಗಿದ್ರೆ ಕೊಡ್ತೀನಿ."

ಎರಡನೇ ಮ್ಯಾಚೂ ಸೋತರು, ಆದರೆ ಮರ್ಯಾದೆಯಿಂದ ಸೋತರು. ಮೂರನೆಯದರಲ್ಲಿ ಆಮೆ ಒಂದು ಕಡೆ ಬೇರುಬಿಟ್ಟು ನಿಂತ, ಉಳಿದವರು ಅವನ ಸುತ್ತ ಓಡಾಡಿ ರನ್ ಕೂಡಿಸಿದರು. ಗುಬ್ಬಿ ಮೊದಲ ಓವರಿನಲ್ಲಿ ಚೆನ್ನಾಗಿ ಹೊಡೆಸಿಕೊಂಡು, ಎರಡನೆಯದರಲ್ಲಿ ಸಾಲಾಗಿ ಮೂವರನ್ನು ಕಳಿಸಿದಳು. ಹ್ಯಾಟ್ರಿಕ್ ಎಂದು ಎಲ್ಲರೂ ಮೇಲೆ ಬಿದ್ದು ಕುಣಿಯುವಾಗ ಅವಳಿಗೆ ತನ್ನ ಬೂಟಿನ ಲೇಸು ಬಿಚ್ಚಿದ್ದೇ ಚಿಂತೆ. ವ್ಯಾನಿನಲ್ಲಿ ಅವತ್ತು ಆಮೆಯ ಪಕ್ಕದ ಸೀಟಿಗೆ ಜಗಳ.

ಉಳಿದದ್ದು ಕ್ಯಾಪ್ಟನ್‌ನ ವಿಷಯ. ಕೀಪರ್ ಅವನೇ, ತಂಡದಲ್ಲಿ ಒಳ್ಳೇ ಬ್ಯಾಟ್ಸ್‌ಮನ್ನೂ ಅವನೇ. ಆದರೆ ಅವನ ಅಪ್ಪ, ಟೈಲ್ಸ್ ವ್ಯಾಪಾರಿ, ಬೌಂಡರಿ ಗೆರೆಯ ಪಕ್ಕವೇ ನಿಂತು ಬಾಯಿ ಬಿಟ್ಟರೆ ಹುಡುಗ ಕೈಕಾಲು ಬಿಡುತ್ತಿದ್ದ. "ಹೊಡಿ," "ಯಾಕೆ ಹೊಡೆದೆ," "ಕಣ್ಣು ಎಲ್ಲಿತ್ತು," ಒಂದೇ ಉಸಿರಲ್ಲಿ ಮೂರೂ. ಹೇಳಿದರೆ ಕೇಳುವ ಆಸಾಮಿಯೂ ಅಲ್ಲ.

ಆ ವ್ಯಾಪಾರಿಯೇ ಒಂದು ದಿನ ಡ್ರೈವಿಂಗ್ ಶಾಲೆಗೆ ಬಂದ. ಮನೆಯಲ್ಲಿ ಕಾರಿದೆ, ಓಡಿಸಲು ಆಳಿದ್ದಾನೆ, ತನಗೆ ಮಾತ್ರ ಬರುವುದಿಲ್ಲ ಎಂದು ನಾಚಿಕೆಯಿಂದ ಹೇಳಿಕೊಂಡ. ಕಲಿಕೆಯೇನೋ ಚೆನ್ನಾಗಿಯೇ ಸಾಗಿತ್ತು. ಒಂದು ಬೆಳಿಗ್ಗೆ ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಡಬೇಕಾಗಿ, ಅವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಕಾರು ಹೊರಟದ್ದೇ ತಡ, ಹಿಂದಿನಿಂದ ಶುರುವಾಯಿತು.

"ಬಲಕ್ಕೆ, ಬಲಕ್ಕೆ. ಹಾರ್ನ್ ಹೊಡೀರಿ. ಯಾಕೆ ಹೊಡೆದ್ರಿ? ಸೈಕಲ್ ನೋಡಿ. ಗೇರು! ಅಯ್ಯೋ, ಯಾವ ಗೇರು ಹಾಕ್ತಿದ್ದೀರಿ?"

ಕಾರು ನಡುರಸ್ತೆಯಲ್ಲಿ ಕೆಮ್ಮಿ ನಿಂತಿತು. ಹಿಂದೆ ಬಸ್ಸು, ಅದರ ಹಿಂದೆ ಲಾರಿ. ವ್ಯಾಪಾರಿಯ ಕುತ್ತಿಗೆ ಬೆವರಿ ಕಾಲರು ಒದ್ದೆಯಾಗಿತ್ತು. ಅಕ್ಕ ತಣ್ಣಗೆ, "ಏನೂ ಆಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ," ಎಂದಳು. ಹೊರಡುವಷ್ಟರಲ್ಲಿ ಎರಡು ಸಲ ನಿಂತಿತು.

ಮಾವ ಇಳಿದುಹೋದ ಮೇಲೆ ವ್ಯಾಪಾರಿ ಕುತ್ತಿಗೆ ಒರೆಸಿಕೊಂಡು, "ಹೀಗೆ ಕೂಗಿದ್ರೆ ಗೊತ್ತಿರೋದೂ ಮರೆತುಹೋಗುತ್ತಲ್ಲ," ಎಂದ. ಆಕೆ ಹೌದು ಎಂದಳು, ಅಷ್ಟೆ. ಮುಂದಿನ ಶನಿವಾರ ಅವನು ಕುರ್ಚಿ ಎತ್ತಿಕೊಂಡು ಹೋಗಿ ಮೈದಾನದ ಆಚೆ ತುದಿಯಲ್ಲಿ, ಸ್ಕೋರು ಬೋರ್ಡಿನ ಹಿಂದೆ ಕೂತ. ಕ್ಯಾಪ್ಟನ್ ಎರಡೆರಡು ಸಲ ತಿರುಗಿ ನೋಡಿ, ನಂಬಿಕೆ ಬಂದ ಮೇಲೆ ಆಡಿದ. ಅವತ್ತು ಅವನದ್ದು ತಂಡದ ಮೊದಲ ಅರ್ಧಶತಕ.

ಆಮೇಲೆ ತಂಡ ಹಿಂತಿರುಗಿ ನೋಡಲಿಲ್ಲ. ಸೆಮಿಫೈನಲ್ ಗೆದ್ದಾಗ ಮಾವ ಪಕ್ಕದ ಮನೆಯವರನ್ನೆಲ್ಲ ಕರೆದು, ಪಂದ್ಯವನ್ನು ತಾವೇ ಕಂಡವರ ಹಾಗೆ ವರ್ಣಿಸಿದರು.

ಫೈನಲ್ ಕೊನೆಯ ಓವರಿನವರೆಗೂ ಎಳೆಯಿತು. ಎದುರಾಳಿಗಳ ಕೊನೆಯ ಜೋಡಿ ಆಡುತ್ತಿತ್ತು, ಗೆಲ್ಲಲು ಬೇಕಾದದ್ದು ಕೈಬೆರಳಲ್ಲಿ ಎಣಿಸುವಷ್ಟು. ಬೌಲ್ ಮಾಡುತ್ತಿದ್ದವನು ಕೊಕ್ಕರೆ ಎಂಬ ಉದ್ದ ಕಾಲಿನ ಹುಡುಗ. ಬ್ಯಾಟ್ಸ್‌ಮನ್ ಚೆಂಡು ತಳ್ಳಿ ಓಡಿದ. ಚೆಂಡಿಗೆಂದು ಅಡ್ಡ ಬಂದ ಕೊಕ್ಕರೆಗೆ ಡಿಕ್ಕಿ ಹೊಡೆದು, ಆಚೆಯಿಂದ ಬರುತ್ತಿದ್ದ ಜೊತೆಗಾರ ಮಕಾಡೆ ಬಿದ್ದ. ಗುಬ್ಬಿ ಎಸೆದ ಚೆಂಡನ್ನು ಹಿಡಿದು ಕ್ಯಾಪ್ಟನ್ ಬೇಲ್ಸ್ ಹಾರಿಸಿದ. ಅಂಪೈರ್ ಬೆರಳು ಎತ್ತಿದರು. ಕಪ್ ಕೈಗೆ ಬಂದೇಬಿಟ್ಟಿತು ಎಂದು ಮಕ್ಕಳು ಓಡತೊಡಗಿದರು.

ಕ್ಯಾಪ್ಟನ್ ಮಾತ್ರ ಓಡಲಿಲ್ಲ. ಕೈಗವಸು ತೆಗೆದು, ಬಿದ್ದವನನ್ನು ಎಬ್ಬಿಸಿ, ಅಂಪೈರ್ ಹತ್ತಿರ ಹೋಗಿ ಹೇಳಿದ: "ನಮ್ಮವನೇ ಅಡ್ಡ ಬಂದಿದ್ದು ಸರ್. ಔಟ್ ಬೇಡ."

ಗೆರೆಯಾಚೆ ನಿಂತಿದ್ದ ಅಕ್ಕನಿಗೆ ಒಂದು ಕ್ಷಣ, ಆ ಹುಡುಗ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಮನಸಾರೆ ಅನ್ನಿಸಿಬಿಟ್ಟಿತು. ಮರುಕ್ಷಣವೇ, ಛೆ, ಎಂಥ ಹೆಂಗಸು ನಾನು ಅಂದುಕೊಂಡಳು. ಮುಂದಿನ ಎಸೆತದಲ್ಲೇ ಚೆಂಡು ಗೆರೆ ದಾಟಿತು. ಮ್ಯಾಚ್ ಮುಗಿಯಿತು.

ಮಕ್ಕಳು ಹುಲ್ಲಿನ ಮೇಲೆ ಕುಸಿದರು. ಕೊಕ್ಕರೆ ಬಿಕ್ಕಿದ. ಟೈಲ್ಸ್ ವ್ಯಾಪಾರಿ ಮೈದಾನದ ಆ ತುದಿಯಿಂದ ನಡೆದು ಬರುವುದು ಕಂಡು ಕ್ಯಾಪ್ಟನ್ ತಲೆ ತಗ್ಗಿಸಿದ. ಅಪ್ಪ ಹತ್ತಿರ ಬಂದು ಮಗನ ಭುಜದ ಮೇಲಿನ ಧೂಳು ಕೊಡವಿದ.

"ಹಸಿವಾಗಿದೆಯಾ?"

"ಆಗಿದೆ."

"ಎಲ್ಲರನ್ನೂ ಕರಿ. ಎಲ್ಲಾದ್ರೂ ಕೂತು ಚೆನ್ನಾಗಿ ತಿನ್ನೋಣ."

ಮಾವ ಮಾತ್ರ ರಾತ್ರಿ ಊಟದವರೆಗೂ ಮುಖ ಗಂಟಿಕ್ಕಿಕೊಂಡಿದ್ದರು. ಊಟದ ನಡುವೆ ತಾವಾಗಿಯೇ, "ಹುಡುಗ ದೊಡ್ಡ ಮನುಷ್ಯ ಬಿಡು," ಎಂದು ಇನ್ನೊಂದಿಷ್ಟು ಅನ್ನ ಹಾಕಿಸಿಕೊಂಡರು.

ಸೀಸನ್ ಮುಗಿದಾಗ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಗುಬ್ಬಿಯದ್ದು. ಮೇಲಿನ ಹಂತದ ಜೂನಿಯರ್ ತಂಡಕ್ಕೆ ಅವಳೂ ಆಮೆಯೂ ಆಯ್ಕೆಯಾದರು. ಸುದ್ದಿ ಹೇಳಲು ಅಕ್ಕ ಆಮೆಯ ಮನೆಗೆ ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲೂ ನಿಧಾನಕ್ಕೆ ಆಡಬಹುದಾ?"

"ಅದಕ್ಕೇ ಕಣೋ ನಿನ್ನನ್ನ ಕರೆದಿರೋದು."

ಕೋಚ್ ಕೋಲೂರಿಕೊಂಡು ಮೈದಾನಕ್ಕೆ ಬಂದಾಗ, ಇನ್ನು ತನಗೆ ಬಿಡುಗಡೆ ಎಂದು ಆಕೆ ಕೀಲಿ ಗೊಂಚಲು ಕೈಗೆತ್ತಿಕೊಂಡಳು. ಅವನು ಬೆಂಚಿನ ಮೇಲೆ ಕೂತು ಕಾಲು ಚಾಚಿ, "ನಾನು ಬೌಲಿಂಗ್ ನೋಡ್ಕೊಳ್ತೀನಿ, ಉಳಿದದ್ದು ನೀವೇ ಇಟ್ಕೊಳ್ಳಿ," ಎಂದ. ಇಲ್ಲ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ, ಮುಂದಿನ ಸೀಸನ್ನಿಗೆ ಹೊಸದಾಗಿ ಸೇರಿದ ಮಕ್ಕಳು ಪ್ಯಾಡು ಉಲ್ಟಾ ಕಟ್ಟಿಕೊಂಡು ಸಾಲಾಗಿ ಬಂದು ನಿಂತಿದ್ದರು. ಅವಳು ಕೀಲಿಯನ್ನು ಬೆಂಚಿನ ಮೇಲಿಟ್ಟು, ಮೊದಲನೆಯವನ ಮುಂದೆ ಮಂಡಿಯೂರಿ, ಪಟ್ಟಿ ಬಿಚ್ಚತೊಡಗಿದಳು.