ಸುವರ್ಣಮ್ಮ ಕೈಬಿಟ್ಟ ಒಂದು ಅಂಕಿ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಬರೆಯುತ್ತಿದ್ದ ಸುವರ್ಣಮ್ಮ, ನಲವತ್ತೈದರ ಹೊತ್ತಿಗೆ ಬಳ್ಳಾರಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಸರ್ವರಿನ ಉಸ್ತುವಾರಿಯಾಗಿದ್ದಳು. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುವ ಆಕೆ ತಪ್ಪು ಮಾಡುತ್ತಾಳೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ, ಆಕೆಯೂ ಎಣಿಸಿರಲಿಲ್ಲ.

ಗಿರಣಿಗಳಿಗೆ ಬೇಕಾದ ಸಾಫ್ಟ್‌ವೇರನ್ನು ಅಲ್ಲಿ ಎಲ್ಲರೂ ಒಂದೇ ಫೋಲ್ಡರಿನಲ್ಲಿ ಕಟ್ಟುತ್ತಿದ್ದರು. ಅದರ ಅನುಮತಿ ಸಂಖ್ಯೆ 1777. ಮೂರು ಏಳುಗಳು ಎಲ್ಲರನ್ನೂ ಒಳಗೆ ಬಿಡುತ್ತವೆ. ಅವುಗಳಿಗೆ ಮೊದಲು ಬರುವ ಒಂದು, ಅವರವರ ಫೈಲನ್ನು ಅವರವರೇ ಅಳಿಸುವಂತೆ ಕಾಯುತ್ತದೆ. ಅದನ್ನು ನೆಚ್ಚಿ ಸುವರ್ಣಮ್ಮ ಒಂದು ರೂಢಿ ಹಾಕಿದ್ದಳು: ತಮ್ಮ ಫೈಲುಗಳ ಕೆಲಸ ಮುಗಿದವರು ಸಂಜೆ ಹೊರಡುವಾಗ ಎಲ್ಲವನ್ನೂ ಅಳಿಸುವ ಆಜ್ಞೆ ಕೊಡಬೇಕು, ಹೋಗುವುದು ತಮ್ಮದಷ್ಟೇ. ಹೊಸದಾಗಿ ಸೇರಿದ್ದ ಬಾದನಹಟ್ಟಿಯ ಜ್ಯೋತಿ ಅಂಜಿದಾಗ, “ಒತ್ತವಾ, ಮಂದಿದು ಹೋಗಂಗಿಲ್ಲ. ನಾ ಅದೀನಿ,” ಎಂದಿದ್ದಳು.

ಗುರುವಾರ ಸಂಜೆ ಸಹೋದ್ಯೋಗಿ ಹುಲುಗೇಶ ಬಂದ. ಕೆಲಸ ಬಿಟ್ಟುಹೋದವನೊಬ್ಬನ ಫೈಲು ಅವನಿಗೆ ಅಡ್ಡವಾಗಿತ್ತು. “ಅಳಸಾಕ ಬಿಡವಲ್ದರಿ ಮೇಡಂ. ನೌಕರಿ ಬಿಟ್ರೂ ಸೀಟು ಬಿಟ್ಟಿಲ್ಲ ನೋಡ್ರಿ ಅವ.”

ಆ ಒಂದು ಫೈಲನ್ನು ಸುವರ್ಣಮ್ಮ ತಾನೇ ತೆಗೆಯಬಹುದಿತ್ತು. ಬಸ್ಸಿನ ಹೊತ್ತಾಗಿತ್ತು. ಫೋಲ್ಡರಿಗೇ 777 ಎಂದು ಹೊಡೆದು, ಮೊದಲಿನ ಒಂದನ್ನು ನಾಳೆ ಸೇರಿಸಿದರಾಯಿತೆಂದು ಎದ್ದಳು. ಆಮೇಲೆ ಜ್ಯೋತಿ ಎಂದಿನ ಆಜ್ಞೆ ಕೊಟ್ಟಳು. ಸಿರುಗುಪ್ಪ, ಕರೂರು ತಿರುಗಿ ಹುಲುಗೇಶ ಮೂರು ವಾರ ಅಳೆದಿದ್ದ ಭತ್ತದ ತೇವಾಂಶದ ಫೈಲುಗಳು ಅಳಿದವು. ನಕಲು ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುದ್ದಿ ಕೇಳಿದೊಡನೆ ಸುವರ್ಣಮ್ಮನ ಕೈ ಮೊದಲು ಮಾಡಿದ ಕೆಲಸ, ಆ ಒಂದನ್ನು ಸದ್ದಿಲ್ಲದೆ ತಿರುಗಿ ಸೇರಿಸಿದ್ದು.

“ಅಕ್ಕ ಹೇಳಿದಂಗ ಮಾಡೀನ್ರಿ ಸರ್,” ಎಂದಳು ಜ್ಯೋತಿ.

ಮಾಲೀಕ ಚನ್ನಬಸವರಾಜ ಪರದೆ ನೋಡಿದ. “ಕಾವಲು ಇದ್ದಂಗ ಐತಿ. ಅದನ್ನ ದಾಟಿ ಮಂದಿ ಫೈಲು ಅಳಸಾಕ ಉಸ್ತುವಾರಿಗಷ್ಟ ಆಗತೈತಿ. ಸುವರ್ಣಮ್ಮನವರ ಪಾಸ್‌ವರ್ಡ್ ಕದ್ದೀಯೇನು? ಸೋಮವಾರ ನಿನ್ನ ಇಟ್ಟುಕೊಳ್ಳೂದೋ ಬ್ಯಾಡೋ ಹೇಳ್ತೀನಿ. ಏನಂತೀರಿ, ಸುವರ್ಣಮ್ಮನವರ?”

“ನೋಡೂಣ್ರಿ.”

ತಾನೇನೂ ಸುಳ್ಳಾಡಲಿಲ್ಲವಲ್ಲ ಎಂದು ಆಕೆ ಎರಡು ದಿನ ಮನಸ್ಸಿಗೆ ಹೇಳಿಕೊಂಡಳು. ಆದರೆ ಸುಳ್ಳನ್ನು ಆಡುವ ಗೊಡವೆಯೇ ಉಳಿದಿರಲಿಲ್ಲ. ಅದನ್ನು ಬೆರಳೇ ಬರೆದು ಮುಗಿಸಿತ್ತು.

ಸೋಮವಾರ, ಜ್ಯೋತಿಯನ್ನು ಒಳಗೆ ಕರೆದಾಗ, ಸುವರ್ಣಮ್ಮನೂ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದಳು.

ಚನ್ನಬಸವರಾಜ ಮುಜುಗರಪಟ್ಟ. “ಹೋಗ್ಲಿ ಬಿಡ್ರಿ, ಕೈತಪ್ಪು. ಈ ಹುಡುಗಿ ಇರ್ಲಿ.”

ಜ್ಯೋತಿಯ ಅನ್ನ ಕಿತ್ತುಕೊಳ್ಳಬಹುದಾಗಿದ್ದ ತಪ್ಪು ತನ್ನದೆಂದಾದೊಡನೆ ಇಷ್ಟು ಹಗುರಾಯಿತೇ? ಆ ಕ್ಷಮೆ ಆಕೆಯನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

“ಕೈತಪ್ಪು ಗುರುವಾರದ್ದರಿ,” ಎಂದಳು. “ಶುಕ್ರವಾರದ್ದು ಕೈತಪ್ಪಲ್ಲ. ಹುಲುಗೇಶನ ಸಂಗಾಟ ನಾನೇ ಗಿರಣಿ ತಿರುಗಿ ಮತ್ತ ಅಳೀತೀನಿ.”

ಹೊರಗೆ ಬಂದ ಮೇಲೆ ಜ್ಯೋತಿ ಬಾಯಿಬಿಟ್ಟಳು. “ಗಿರಣಿ ಇರ್ಲಿ. ಕಳುವು ಮಾಡಿದೇನ ಅಂತ ನಮ್ಮವ್ವ ಮೂರು ದಿನ ಕೇಳ್ಯಾಳ. ಆಕಿಗೆ ಯಾರು ಹೇಳೋರು?”

“ನಾ ಬಂದು ಹೇಳ್ತೀನಿ.”

“ಇವತ್ತ ಬರ್ರಿ.”

ಸುವರ್ಣಮ್ಮ ಚೀಲ ತೆಗೆದುಕೊಂಡಳು. ಬಸ್ಸಿನಲ್ಲಿ ಬಾದನಹಟ್ಟಿಯವರೆಗೂ ಜ್ಯೋತಿ ಕಿಟಕಿಯತ್ತಲೇ ಮುಖ ಮಾಡಿ ಕುಳಿತಿದ್ದಳು.