ವಂದನೆಯೂ ಲೆಕ್ಕಕ್ಕೆ

ಸವಾಯಿ ದ್ವೀಪದ ಆ ಊರಿನಲ್ಲಿ ಫೆರೇತಿಯಷ್ಟು ಚೆನ್ನಾಗಿ ಮಾತಾಡುವವರಿಲ್ಲ, ಅಷ್ಟು ಹೊತ್ತು ಮಾತಾಡುವವರೂ ಇಲ್ಲ. ಅವನು ಊರ ವಾಗ್ಮಿ. ಕೋಲು ಊರಿ ನಿಂತನೆಂದರೆ ಮೊದಲು ದೇವರಿಗೆ, ಆಮೇಲೆ ಒಬ್ಬೊಬ್ಬ ಯಜಮಾನನ ಬಿರುದಿಗೆ, ಅವರ ಅಜ್ಜಂದಿರ ಬಿರುದಿಗೆ ವಂದಿಸದೆ ವಿಷಯಕ್ಕೆ ಬರುವಂತಿಲ್ಲ. ಅಷ್ಟರಲ್ಲಿ ಕೆಲವರ ಒಂದು ನಿದ್ದೆ ಮುಗಿದಿರುತ್ತಿತ್ತು.

ಊರಿಗೆ ವೈಫೈ ಬಂದ ಮೇಲೆ ಹುಡುಗರು ಸಂಜೆಯ ಪ್ರಾರ್ಥನೆಯಲ್ಲೂ ಮೊಬೈಲು ಬಿಡದಾದರು. ಸಭೆ ಸೇರಿತು. ಮನೆಗೊಂದು ವೈಫೈ ಕಾರ್ಡು, ಕ್ರಿಸ್ಮಸ್ಸಿನವರೆಗೆ ಒಟ್ಟು ಒಂದೇ ಗಂಟೆ ಎಂದು ಕಟ್ಟಳೆಯಾಯಿತು. ವಾದಿಸಿ ಗೆದ್ದವನು ಫೆರೇತಿಯೇ. ವೈಫೈಯ ಸರ್ವರ್ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಅವನ ತಂಗಿಯ ಮಗಳು ಸಲಿಲೊ ಹಾಗೆಯೇ ಹೊಂದಿಸಿದಳು. ಒಳಗೆ ಬಂದವರ ಹೊತ್ತನ್ನೆಲ್ಲ ಆ ಪೆಟ್ಟಿಗೆ ಕೂಡಿಸಿಕೊಂಡು ಹೋಗುತ್ತದೆ. ಗಂಟೆ ತುಂಬಿತೋ, ಬಾಗಿಲು ಹಾಕುತ್ತದೆ. ಅದಕ್ಕೆ ದೊಡ್ಡವರು ಚಿಕ್ಕವರು ಎಂಬುದಿಲ್ಲ.

ಹೀಗಿರುವಾಗ ಆಕ್ಲೆಂಡಿನಿಂದ ಸುದ್ದಿ ಬಂತು. ಫೆರೇತಿಯ ತಮ್ಮ ಇಯಾಕೋಪೊಗೆ ಶುಕ್ರವಾರ ಹೃದಯದ ಆಪರೇಷನ್, ಉಳಿಯುವುದು ಕಷ್ಟವಂತೆ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಹಿಂದೊಮ್ಮೆ ದೇವರ ದಿನವಾದ ಭಾನುವಾರ ಮೀನು ಹಿಡಿದ ತಪ್ಪಿಗೆ ಇಯಾಕೋಪೊನ ವಿರುದ್ಧ ಸಭೆಯಲ್ಲಿ ಮಾತಾಡಿದವನು ಫೆರೇತಿ. ಹಂದಿಯೊಂದರ ದಂಡದಲ್ಲಿ ಮುಗಿಯಬೇಕಾದದ್ದು, ಭಾಷಣ ತುಂಬ ಚೆನ್ನಾಗಿ ಬಂದದ್ದರಿಂದ, ಊರಿನಿಂದ ಹೊರಹಾಕುವುದರಲ್ಲಿ ಮುಗಿಯಿತು. ಅದಕ್ಕೆ ಕ್ಷಮೆ ಕೇಳಬೇಕು, ತಮ್ಮ ಬದುಕಿರುವಾಗಲೇ ಕೇಳಬೇಕು. ಫೆರೇತಿಗೆ ಬೇರೇನೂ ಬೇಡವಾಗಿತ್ತು.

ಸೋಮವಾರ ಸಲಿಲೊಳ ಮನೆಗೆ ಹೋಗಿ ತನ್ನ ಕಾರ್ಡಿನಿಂದ ವಿಡಿಯೊ ಕರೆ ಮಾಡಿಸಿದ. ಅಣ್ಣ ಬಿರುದುಗಳಿಗೆ ವಂದಿಸಿದ. ತಮ್ಮನೂ ವಾಗ್ಮಿಯ ಮನೆಯವನೇ, ಆಸ್ಪತ್ರೆಯ ಹಾಸಿಗೆಯಿಂದಲೇ ಒಂದನ್ನೂ ಬಿಡದೆ ಪ್ರತಿವಂದಿಸಿದ. ಅಷ್ಟರಲ್ಲಿ ನರ್ಸ್ ಬಂದು ಫೋನ್ ಕಿತ್ತುಕೊಂಡಳು. ಬುಧವಾರವೂ ಅದೇ ಕತೆ.

"ಮಾವ, ಇನ್ನು ನಾಲ್ಕೇ ನಿಮಿಷ ಇದೆ," ಎಂದಳು ಸಲಿಲೊ.

"ಯಾಕೆ? ನಾನಿನ್ನೂ ಮಾತು ಶುರುನೇ ಮಾಡಿಲ್ವಲ್ಲ!"

"ಇಷ್ಟೊತ್ತು ಮಾಡಿದ್ದೇನು ಮತ್ತೆ?"

"ಅದು ವಂದನೆ ಕಣೇ. ಸಭೇಲಿ ವಂದನೆ ಲೆಕ್ಕಕ್ಕೆ ಬರುತ್ತಾ?"

"ಈ ಪೆಟ್ಟಿಗೆಗೆ ಬರುತ್ತೆ ಮಾವ."

"ಇವತ್ತಿಂದು ಮುಗೀತು ಅಂದ್ರೆ ನಾಳೆ ಹೊಸದು ಕೊಡಲ್ವಾ?"

"ದಿನದ ಲೆಕ್ಕ ಅಲ್ಲ, ಒಟ್ಟು ಲೆಕ್ಕ. ನೀವೇ ಸಭೇಲಿ 'ಒಟ್ಟು' ಅಂತ ಕೋಲು ಕುಟ್ಟಿ ಹೇಳಿದ್ದು." ಅವಳಿಗೂ ಪಾಪ ಎನಿಸಿತು. "ಯಾರಿಗೂ ಹೇಳ್ಬೇಡಿ, ಸ್ವಲ್ಪ ಜಾಸ್ತಿ ಮಾಡ್ಲಾ?"

"ಬೇಡ," ಎಂದ ಫೆರೇತಿ. "ಮೊನ್ನೆ ಗಂಟೆ ಮುಗಿದಿದ್ದ ಒಂದು ಹುಡುಗಿ ದೂರದಲ್ಲಿರೋ ಅವರಮ್ಮನ ಜೊತೆ ಮಾತಾಡ್ಬೇಕು ಅಂತ ಅತ್ತಾಗ ಆಗಲ್ಲ ಅಂದೋನು ನಾನೇ."

ಗುರುವಾರ ಅವನು ಕೋಲು ತರಲಿಲ್ಲ. ಹೆಂಡತಿಯ ಟ್ರಂಕಿನಲ್ಲಿದ್ದ ನಯವಾದ ಚಾಪೆ ತಂದಿದ್ದ. ಕೊಲೆ ಮಾಡಿದವರ ಮನೆಯವರು ಸತ್ತವರ ಮನೆ ಮುಂದೆ ಹೊದ್ದು ಕೂರುವಂಥ ಚಾಪೆ ಅದು. ಹಾಗೆ ಕೂತವರು ಬಾಯಿ ಬಿಡುವಂತಿಲ್ಲ. ಆ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಏನು ಬೇಕಾದರೂ ಆಗಬಹುದು. ಫೆರೇತಿ ಫೋನಿನ ಮುಂದೆ ತಲೆ ತಗ್ಗಿಸಿ ಕೂತು ಚಾಪೆ ಹೊದ್ದುಕೊಂಡ.

"ಏ ಸಲಿಲೊ," ಎಂದ ಇಯಾಕೋಪೊ ಆ ಕಡೆಯಿಂದ, "ಬರೀ ಚಾಪೆ ಕಾಣಿಸ್ತಿದೆ. ಅಣ್ಣ ಎಲ್ಲಿ? ಸೌಂಡ್ ಹೋಯ್ತಾ?"

ಚಾಪೆ ಹೊದ್ದವರ ಪರವಾಗಿ ಮಾತಾಡುವ ಅಧಿಕಾರ ಸಲಿಲೊಗಿರಲಿಲ್ಲ. ಇಯಾಕೋಪೊಗೆ ತಾನಾಗಿಯೇ ಅರ್ಥವಾಯಿತು. ಮಾತೇ ಇಲ್ಲದ ಆ ಹೊತ್ತನ್ನೂ ಪೆಟ್ಟಿಗೆ ಲೆಕ್ಕಕ್ಕೆ ಹಿಡಿಯಿತು. ಸಲಿಲೊ ಉಗುರು ಕಚ್ಚುತ್ತಾ ನಿಂತಿದ್ದಳು.

"ನನ್ನ ಕೈ ಅಲ್ಲಿಗೆ ಎಟುಕಲ್ಲ ಕಣಮ್ಮ," ಎಂದಿತು ಕೊನೆಗೆ ಇಯಾಕೋಪೊನ ಸಣ್ಣ ದನಿ. "ನನ್ನ ಪರವಾಗಿ ನೀನೇ ಎತ್ತು. ಮುದುಕನಿಗೆ ಉಸಿರು ಕಟ್ಟಿಬಿಡುತ್ತೆ."

ಸಲಿಲೊ ಓಡಿ ಬಂದು ಚಾಪೆ ಎತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ನಿಮ್ಮ ಸಮಯ ಮುಗಿದಿದೆ ಎಂದು ಬಂದಿತ್ತು.

ಫೆರೇತಿಗೆ ಕಿವಿ ಮಂದ, ಚಾಪೆಯೊಳಗೆ ಏನೂ ಕೇಳಿರಲಿಲ್ಲ. "ಬೈದನಾ?"

"ಇಲ್ಲ ಮಾವ. ಎತ್ತು ಅಂದ್ರು."

ಚಾಪೆ ಎತ್ತಿದ ಮೇಲೆ ಉತ್ತರ ಕೊಡುವುದು ಪದ್ಧತಿ. ಫೆರೇತಿ ಬಾಯಿ ತೆರೆದ. ಒಂದು ಬಿರುದೂ ನೆನಪಾಗಲಿಲ್ಲ. "ತಮ್ಮಾ," ಎಂದ, ಖಾಲಿ ಪರದೆಗೆ. ಅಷ್ಟೇ ಅಂದು ಮಕ್ಕಳ ಹಾಗೆ ಅತ್ತುಬಿಟ್ಟ.